ದೂರ ಈಜು ಅಂದವನು

ಬಸ್ಸು ಮಹಾಲಿಂಗಪುರದ ಸ್ಟ್ಯಾಂಡು ಬಿಟ್ಟಾಗಿನಿಂದ ಕಾಶಪ್ಪ ಒಂದೇ ಮಾತನ್ನು ಬಾಯೊಳಗೆ ಹೊರಳಿಸುತ್ತಿದ್ದ. ತಪ್ಪು ನಂದೈತ್ರಿ. ಎರಡೇ ಎರಡು ಶಬ್ದ. ಬೆಲ್ಲದ ಪೇಟೆಯಲ್ಲಿ ಹಮಾಲರ ಕೂಗು, ಟ್ರ್ಯಾಕ್ಟರಿನ ಸದ್ದು ಎಲ್ಲದರ ಮೇಲೆ ಹಾಯುವಂತೆ ದಿನಾ ಸವಾಲು ಕೂಗುವ ಗಂಟಲಿಗೆ ಇದೇನು ದೊಡ್ಡ ಕೆಲಸವಲ್ಲ. ಬೆಳಗ್ಗೆ ಗಡ್ಡ ಹೆರೆದುಕೊಳ್ಳುವಾಗ ಕನ್ನಡಿಗೆ ಒಮ್ಮೆ ಹೇಳಿ ನೋಡಿದ್ದ. ಕನ್ನಡಿಯಲ್ಲಿದ್ದವನು ತಪ್ಪು ಒಪ್ಪಿಕೊಳ್ಳುವವನ ಹಾಗೆ ಕಾಣಿಸಲಿಲ್ಲ, ಹಾಗೆ ಒಪ್ಪಿಕೊಳ್ಳುವುದು ತನಗೆ ಎಷ್ಟು ಚೆನ್ನಾಗಿ ಬರುತ್ತದೆ ಎಂದು ನೋಡಿಕೊಳ್ಳುವವನ ಹಾಗೆ ಕಂಡ. ಅಸಹ್ಯಪಟ್ಟು ಮುಖ ಒರೆಸಿಕೊಂಡಿದ್ದ. ಪಕ್ಕದಲ್ಲಿ ಕೂತ ಹೆಂಡತಿ ಶೇವಂತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕಿಟಕಿಯ ಹೊರಗಿನ ಕಬ್ಬಿನ ಹೊಲಗಳನ್ನು ನೋಡುತ್ತಿದ್ದಳು. "ಅಲ್ಲಿ ಹೋಗಿ ಕಲ್ಲಿನ್ಹಂಗ ಕುಂದರಬ್ಯಾಡ್ರಿ," ಅಂದಳು ತಿರುಗದೆ. "ಮನಿ ಅಳಿಯಾ ಅಂದಮ್ಯಾಲ ಒಂದು ಮಾತ ಆಡಬೇಕಾಗತೈತಿ. ಅವ್ವನ ಕಡೆ ಆಡ್ರಿ. ಕೂಸು ನಮ್ಮನ್ಯಾಗ ಇರಲಿ." ಕಾಶಪ್ಪ ಹೂಂ ಅಂದ. ಹೂಂ ಅನ್ನುವುದಕ್ಕೆ ಅವನಿಗೆ ಎಂದೂ ತೊಂದರೆಯಾಗಿರಲಿಲ್ಲ.

ಇವತ್ತು ಶೇವಂತಿಯ ತವರು ಬನಹಟ್ಟಿಯಲ್ಲಿ ಕರೆಂಟು ಇಲ್ಲದ ದಿನ, ಮಗ್ಗಗಳಿಗೆ ರಜೆ. ಅದಕ್ಕೇ ಹಿರಿಯರು ಇವತ್ತು ಕೂಡುತ್ತಿದ್ದರು. ಶೇವಂತಿಯ ತಮ್ಮ ರಾಹುಲ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಅವನ ಹೆಂಡತಿ ಮಂಗಲಾಳನ್ನು ಜಮಖಂಡಿಯ ತವರಿಗೆ ಕಳಿಸುವುದು, ನಾಲ್ಕು ವರ್ಷದ ಮಗಳು ರೇಷ್ಮಾಳನ್ನು ಅಜ್ಜಿಯ ಹತ್ತಿರವೇ ಇಟ್ಟುಕೊಳ್ಳುವುದು ಎಂದು ಅತ್ತೆ ಭಾಗವ್ವ ಹಟ ಹಿಡಿದಿದ್ದಳು. ಕಾರಣವನ್ನು ಎಲ್ಲರೂ ಬಲ್ಲರು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸೀರೆಯ ಗಂಟು ಹೊತ್ತು ಬೀಳಗಿ ಕಡೆಯ ಹೊಸ ಊರುಗಳಿಗೆ ಮಾರಲು ಹೋಗಿದ್ದ ರಾಹುಲ, ಬಸ್ಸಿನ ಸುತ್ತು ತಪ್ಪಿಸಲು ಅಣೆಕಟ್ಟಿನ ಹಿನ್ನೀರಿನಲ್ಲಿ ದೋಣಿ ಹತ್ತಿದ್ದ. ನಟ್ಟನಡುವೆ ಗಾಳಿಗೆ ದೋಣಿ ಬೋರಲು ಬಿತ್ತು. ಅದರಲ್ಲಿದ್ದ ಏಳು ಮಂದಿಯಲ್ಲಿ ಆರು ಮಂದಿ ಬೋರಲು ದೋಣಿಯ ಬೆನ್ನು ಹಿಡಿದುಕೊಂಡು ಅರ್ಧ ತಾಸು ತೇಲಿದರು. ಮೀನಿನವರು ಬಂದು ಎತ್ತಿದರು. ರಾಹುಲ ಒಬ್ಬನೇ ಕೈ ಬಿಟ್ಟ. ತಾನಾಗಿಯೇ ಬಿಟ್ಟ ಎಂದು ಉಳಿದವರೆಲ್ಲ ಒಂದೇ ಬಾಯಿಂದ ಹೇಳಿದರು. ಅವತ್ತು ಮುಂಜಾನೆ ಮನೆಯಲ್ಲಿ ಜಗಳವಾಗಿತ್ತು. ಮಂಗಲಾ "ಹೋಗಿ ಸಾಯಿ ಎಲ್ಲೆರ" ಅಂದದ್ದನ್ನು ಓಣಿಯೇ ಕೇಳಿತ್ತು. ಎರಡನ್ನೂ ಕೂಡಿಸಿಕೊಳ್ಳುವುದಕ್ಕೆ ಓಣಿಗೆ ಒಂದು ದಿನ ಸಾಕಾಯಿತು.

ಅವನು ಯಾಕೆ ಕೈ ಬಿಟ್ಟ ಎಂಬುದು ಭೂಮಿಯ ಮೇಲೆ ಇಬ್ಬರಿಗೆ ಗೊತ್ತಿತ್ತು. ಒಬ್ಬ ಅದೇ ದೋಣಿಯಲ್ಲಿದ್ದ ಗಂಗಾರಾಮ. ಇನ್ನೊಬ್ಬ ಈ ಬಸ್ಸಿನಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಕೂತಿದ್ದ.

ಬಸ್ಸು ಜೋಲಿ ಹೊಡೆದಾಗ ಕಾಶಪ್ಪನಿಗೆ ಆ ಹಳೆಯ ವಿಡಿಯೋ ಹಾಲಿನ ವಾಸನೆ ಬಂತು. ಬನಹಟ್ಟಿಯ ಬಣ್ಣದ ಭಟ್ಟಿಯ ಪಕ್ಕದಲ್ಲಿದ್ದ ತಗಡಿನ ಶೆಡ್ಡು. ಬೀಡಿ, ಬೆವರು, ಕುದಿಯುವ ಬಣ್ಣ. ಗೋಡೆಯ ಹತ್ತಿರ ಎತ್ತರದ ಮೇಜಿನ ಮೇಲೆ ಟಿ.ವಿ., ಅದರ ಮಗ್ಗುಲಿಗೆ ಸ್ಟೂಲು, ಸ್ಟೂಲಿನ ಮೇಲೆ ಮೈಕು ಹಿಡಿದ ಕಾಶಪ್ಪ. ಇಂಗ್ಲಿಷ್ ಪಿಚ್ಚರ್ ಹಾಕಿದ ದಿನ ಅವನು ಕಥೆ ಹೇಳಬೇಕು, ಆಗ ಅದೇ ಅವನ ನೌಕರಿ. ನೇಕಾರರಿಗೆ ಸಮುದ್ರದ ಪಿಚ್ಚರ್ ಅಂದರೆ ಜೀವ. ಹಾಡಿಲ್ಲ, ಕುಣಿತವಿಲ್ಲ, ಶ್ರೀಮಂತರ ಬಿಳಿ ಹಡಗು, ಅದರೊಳಗೆ ಮೂರೋ ನಾಲ್ಕೋ ಮಂದಿ, ಸುತ್ತ ಕಣ್ಣು ಹರಿಯುವಷ್ಟು ನೀರು. ಓಡಿಹೋಗಲು ಜಾಗವಿಲ್ಲ. ಯಾರು ಯಾರನ್ನು ಯಾವಾಗ ನೂಕುತ್ತಾರೆ ಅನ್ನುವುದೇ ಕಥೆ. ಹತ್ತು ತಾಸು ಮಗ್ಗದ ಮುಂದೆ ನಿಂತು ಬಂದ ಮಂದಿ ಉಸಿರು ಹಿಡಿದು ಕೂರುತ್ತಿದ್ದರು. ಅವರಲ್ಲಿ ಯಾರೂ ಸಮುದ್ರ ನೋಡಿದವರಲ್ಲ. ಕಾಶಪ್ಪನೂ ನೋಡಿರಲಿಲ್ಲ. ಇಂಗ್ಲಿಷಂತೂ ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಅವನನ್ನು ಕೆಡವಿತ್ತು. ಕುರುಡರ ಊರಲ್ಲಿ ಒಕ್ಕಣ್ಣನೇ ರಾಜ ಅಂತಾರೆ. ಇಲ್ಲಿ ರಾಜನಿಗೆ ಆ ಒಂದು ಕಣ್ಣೂ ಇರಲಿಲ್ಲ. ತುಟಿ ಅಲ್ಲಾಡುವುದನ್ನು ನೋಡಿ, ಮುಖ ನೋಡಿ, ಮಾತು ತಾನೇ ಕೂಡಿಸುತ್ತಿದ್ದ. ಪರದೆಯ ಮೇಲಿನ ಬಿಳಿಯ ಜನ ಅವನು ಹೇಳಿದ್ದನ್ನೇ ಹೇಳುತ್ತಿದ್ದರು.

ಅದರಲ್ಲೂ ಒಂದು ಪಿಚ್ಚರ್ ಇಪ್ಪತ್ತು ಸಲ ಓಡಿತ್ತು. ಗಂಡ, ಹೆಂಡತಿ, ಹಡಗು ನಡೆಸಲು ಸಂಬಳಕ್ಕೆ ಇಟ್ಟುಕೊಂಡ ಒಬ್ಬ ಕಪ್ತಾನ. ಕಪ್ತಾನನೇ ಹಡಗಿಗೆ ತೂತು ಕೊರೆದು ಸಣ್ಣ ದೋಣಿಯಲ್ಲಿ ಪಾರಾಗುತ್ತಾನೆ. ಹಡಗು ಬೋರಲು ಬೀಳುತ್ತದೆ. ಹೆಂಡತಿ ಅದರ ಅಂಚು ಹಿಡಿದು ತೇಲುತ್ತಿದ್ದಾಳೆ. ಸರಳಿಗೆ ಕಾಲು ಸಿಕ್ಕಿಸಿಕೊಂಡ ಗಂಡ ಅವಳ ಕಡೆ ನೋಡಿ ಏನೋ ಒದರುತ್ತಾನೆ. ಮರುಗಳಿಗೆ ಪರದೆಯ ಮೇಲೆ ಅವಳ ಕೈ ಬಿಟ್ಟುಹೋಗುತ್ತದೆ. ಗಂಡ ಏನು ಒದರಿದ? ಮೊದಲ ದಿನ ಕಾಶಪ್ಪನಿಗೆ ತೋಚಿದ್ದು ಇದು: "ಕೈ ಬಿಡು. ಮುಳುಗೂ ಹಡಗು ತನ್ನ ಕೂಡ ನಿನ್ನೂ ಎಳಕೊಂಡು ಹೋಗತೈತಿ. ನನ್ನ ಚಿಂತಿ ಬಿಡು. ದೂರ ಈಜು, ದೂರ." ಸೀಟಿಯ ಮೇಲೆ ಸೀಟಿ ಬಿದ್ದವು. ಒಬ್ಬ ಮುದುಕ ಧೋತರದ ತುದಿಯಿಂದ ಕಣ್ಣೊರೆಸಿಕೊಂಡ. ಆ ರಾತ್ರಿ ಕಾಶಪ್ಪ ಊಟ ಮಾಡದೆ ಮಲಗಿದ್ದ, ಹೊಟ್ಟೆ ಅಷ್ಟು ತುಂಬಿತ್ತು. ರಾಹುಲ ಆಗ ಇಪ್ಪತ್ತೆರಡರವ. ಮುಂದಿನ ಚಾಪೆಯ ಮೇಲೆ ಕೂತು, ಆ ಜಾಗ ಬಂತೆಂದರೆ ತಾನೂ ಬಾಯಿ ಅಲ್ಲಾಡಿಸುತ್ತಿದ್ದ. ಮದುವೆಯಾದ ಮೇಲೂ ಮಗ್ಗದ ಖಟಪಟದ ನಡುವೆ ದೊಡ್ಡ ದನಿ ತೆಗೆದು ಅದನ್ನೇ ಹೇಳಿ ಓಣಿಯ ಹೆಣ್ಣುಮಕ್ಕಳನ್ನು ನಗಿಸುತ್ತಿದ್ದ. "ಮಾಮಾ, ನೀ ಇಲ್ಲದಿದ್ರ ಆ ಪಿಚ್ಚರದಾಗ ಏನೈತಿ? ಬರೇ ನೀರು," ಅಂದಿದ್ದ ಒಮ್ಮೆ. ಅಂಥ ಮಾತನ್ನು ಕಾಶಪ್ಪನಿಗೆ ಹೆಂಡತಿ ಹೇಳಿರಲಿಲ್ಲ, ತಂದೆ ಹೇಳಿರಲಿಲ್ಲ.

ಇಷ್ಟೇ ಆಗಿದ್ದರೆ ತಿಳಿಯದೆ ಆದ ತಪ್ಪು ಎಂದು ದೇವರ ಮುಂದೆ ಕಾಯಿ ಒಡೆದು ಬರಬಹುದಿತ್ತು. ಆದರೆ ಆ ವರ್ಷವೇ ಒಂದು ಭಾನುವಾರ ಜಮಖಂಡಿಯ ಕಾಲೇಜಿನ ಮಾಸ್ತರೊಬ್ಬ, ಸಂಬಂಧಿಕರ ಮನೆಗೆ ಬಂದವನು, ಹಾಲಿಗೆ ಬಂದು ಕೂತಿದ್ದ. ಆಟ ಮುಗಿದ ಮೇಲೆ ಹೊರಗೆ ಬೀಡಾ ಅಂಗಡಿಯ ಹತ್ತಿರ ಕಾಶಪ್ಪನ ಭುಜ ಮುಟ್ಟಿ, ನಗುತ್ತಲೇ, ಮೆಲ್ಲಗೆ ಹೇಳಿದ. "ಛಲೋ ಹೇಳ್ತೀರಿ. ಆದ್ರ ಅಲ್ಲಿ ಅವ ಉಲ್ಟಾ ಹೇಳಾಕತ್ತಾನ್ರಿ. ಏನಾದ್ರೂ ಆಗಲಿ ಹಡಗು ಬಿಡಬ್ಯಾಡ, ಗಟ್ಟಿ ಹಿಡಕೋ, ಅದು ತೇಲತೈತಿ ಅಂತಾನ. ತೆರಿ ಬಂದು ಆಕೀ ಕೈ ತಪ್ಪತೈತಿ, ಅಷ್ಟ." ಬೀಡಾ ಕಟ್ಟುವವನು ತಲೆ ಎತ್ತಿ ನೋಡಿದ. ಅವನು ಕೇಳಿಸಿಕೊಂಡನೋ ಇಲ್ಲವೋ ಗೊತ್ತಿಲ್ಲ. ಕಾಶಪ್ಪನ ಕಿವಿ ಮಾತ್ರ ಬಿಸಿಯಾಗಿ ಉರಿದವು. ಮರುವಾರ ಅದೇ ಜಾಗ ಬಂತು. ಕತ್ತಲಲ್ಲಿ ನೂರು ಮಂದಿ ಆ ಮಾತಿಗಾಗಿ ಕಾಯುತ್ತಿದ್ದರು. ಗಟ್ಟಿ ಹಿಡಕೋ ಅನ್ನುವುದಕ್ಕೆ ಯಾರು ಸೀಟಿ ಹಾಕುತ್ತಾರೆ? ದೂರ ಈಜು ಅಂದ. ಅದಾದ ಮೇಲೆ ಇನ್ನೂ ಹನ್ನೆರಡು ಹದಿಮೂರು ಸಲ ಅಂದ, ಗೊತ್ತಿದ್ದೂ ಅಂದ. ಪ್ರತಿ ಸಲವೂ ಮುಂದಿನ ಚಾಪೆಯ ಮೇಲೆ ರಾಹುಲನ ತುಟಿ ಅಲ್ಲಾಡುತ್ತಿದ್ದವು.

ರಬಕವಿ ದಾಟಿ ಬಸ್ಸು ಬನಹಟ್ಟಿಯಲ್ಲಿ ನಿಂತಾಗ ಶೇವಂತಿ ಎಬ್ಬಿಸಿದಳು. ಅವನು ನಿದ್ದೆ ಮಾಡಿರಲಿಲ್ಲ. ಓಣಿಯಲ್ಲಿ ಮಗ್ಗಗಳ ಸದ್ದಿಲ್ಲದೆ ಕಿವಿಯಲ್ಲಿ ಹತ್ತಿ ತುಂಬಿದ ಹಾಗಿತ್ತು. ರಾಹುಲನ ಕಾರ್ಯದ ದಿನಗಳು ಮುಗಿದ ವಾರದಲ್ಲಿ ಗಂಗಾರಾಮ ಇವನನ್ನು ಹುಡುಕಿಕೊಂಡು ಮಹಾಲಿಂಗಪುರದ ಬಸ್ ಸ್ಟ್ಯಾಂಡಿಗೆ ಬಂದದ್ದು ಅವನಿಗೆ ಈಗ ನೆನಪಾಗಬಾರದಿತ್ತು, ಆಯಿತು. "ಕೈ ಬಿಡೂ ಮುಂದ ಮಗ್ಗಲಾಗಿದ್ದ ನನಗ ಒದರಿದ ನೋಡ್ರಿ ಅವ, ಗಾಳ್ಯಾಗ ಉಳಿದವ್ರಿಗೆ ಕೇಳಲಿಲ್ಲ. ಮುಳುಗೂ ದೋಣಿ ಎಳಕೊಂಡು ಹೋಗತೈತಿ, ದೂರ ಈಜು, ನಮ್ಮ ಮಾಮಾ ಹೇಳ್ಯಾನ ಅಂದ. ನಾ ಅಂಜಿ ಬಿಡಲಿಲ್ಲ. ಅವ ಬಿಟ್ಟ. ಬಾವ್ಯಾಗ ಈಜಿದಾಂವ, ಆ ತೆರಿಯೊಳಗ ಎಷ್ಟಂತ ಈಜ್ಯಾನು? ಮನ್ಯಾಗ ಹೇಳ್ಲೇನ್ರಿ?" ಕಾಶಪ್ಪ ಅವನಿಗೆ ಚಹಾ ಕುಡಿಸಿದ. "ಬ್ಯಾಡ. ಮುದುಕಿ ಎದಿ ಒಡಕೋತಾಳ. ನಾನ ವ್ಯಾಳ್ಯಾ ನೋಡಿ ಹೇಳ್ತೀನಿ," ಅಂದ. ಗಂಗಾರಾಮನಿಗೆ ಅದೊಂದು ಭಾರ ಇಳಿದ ಹಾಗಾಯಿತು. ಈಗ ಅವನು ಇಚಲಕರಂಜಿಯ ಮಗ್ಗಗಳಿಗೆ ಹೋಗಿಬಿಟ್ಟಿದ್ದಾನೆ. ವ್ಯಾಳ್ಯಾ ನೋಡುತ್ತ ನೋಡುತ್ತ ಮೂರು ತಿಂಗಳು ಮೀರಿತು.

ಮನೆಯ ಹಿತ್ತಲಲ್ಲಿ ಕಾಲು ತೊಳೆಯಲು ಹೋದಾಗ ತಂಬಿಗೆ ತಂದವಳು ಮಂಗಲಾ. ಬರಿಗೈ, ಬರಿಹಣೆ. ಇಪ್ಪತ್ತಾರರ ಹೆಣ್ಣುಮಗಳ ಕುತ್ತಿಗೆಯ ಎಲುಬು ಎದ್ದು ಕಾಣುತ್ತಿತ್ತು. ನೀರು ಹಾಕುತ್ತ ತಗ್ಗಿದ ದನಿಯಲ್ಲಿ, "ಅಣ್ಣಾರ, ನೀವರ ಒಂದು ಮಾತು ಹೇಳ್ರಿ. ನನಗೇನೂ ಬ್ಯಾಡ್ರಿ. ಕೂಸಿನ್ನ ಕೊಡಿಸ್ರಿ," ಅಂದಳು. ಅವನು ತಲೆ ತಗ್ಗಿಸಿ ತನ್ನ ಹಿಮ್ಮಡಿಯ ಬಿರುಕುಗಳನ್ನು ನೋಡಿದ. "ನಾ ಅಂದಿದ್ದು ಖರೇನ್ರಿ," ಅಂದಳು ಮತ್ತೆ. "ಕೂಸಿಗೆ ಜ್ವರಾ ಇತ್ತು, ದವಾಖಾನಿಗೆ ಕರಕೊಂಡು ಹೋಗಂದ್ರ ಸೀರಿ ಗಂಟು ಹೊತಗೊಂಡು ನಿಂತ. ಬಾಯಿಗೆ ಬಂದದ್ದು ಅಂದೆ. ನಾ ಅಂದದ್ದಕ್ಕ ಅವ ಹಂಗ ಮಾಡಿದ್ನೇನ್ರಿ, ಅಣ್ಣಾರ? ಒಮ್ಮೊಮ್ಮೆ ಹೌದು ಅನಸತೈತಿ." ಈಗ. ಈಗ ಹೇಳಬೇಕು. ಅವಳೊಬ್ಬಳೇ ಇದ್ದಾಳೆ. ಆದರೆ ಕೈಯಲ್ಲಿ ತಂಬಿಗೆ ಹಿಡಿದು ನಿಂತವಳಿಗೆ ಹೇಳಿಬಿಟ್ಟರೆ, ಅವಳು ಅದೇ ತಂಬಿಗೆಯಿಂದ ಹೊಡೆದರೆ? ಹೊಡೆದರೆ ಒಳ್ಳೆಯದೇ ಆಗಿತ್ತು. ಅವನಿಗೆ ಹೆದರಿಕೆ ಅದಲ್ಲ. ಹೊಡೆಯದೆ ಸುಮ್ಮನೆ ನೋಡಿದರೆ ಅನ್ನುವುದು. "ಹಿರಿಯರ ಮುಂದ ಎಲ್ಲಾ ಹೇಳ್ತೀನಿ. ನೀ ಚಿಂತಿ ಮಾಡಬ್ಯಾಡ," ಅಂದ. ಅವಳ ಮುಖದಲ್ಲಿ ಒಂದು ಬೆಳಕು ಬಂತು. ಅದನ್ನು ಕಂಡು ಅವನಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಪಡಸಾಲೆಯಲ್ಲಿ ಜಮಖಾನೆಯ ಮೇಲೆ ಆರೇಳು ಮಂದಿ. ನಡುವೆ ಚನಮಲ್ಲಪ್ಪ, ಓಣಿಯ ಹಿರಿಯ, ಬಿಳಿ ಟೊಪ್ಪಿಗೆಯವನು; ಒಂದು ಕಾಲಕ್ಕೆ ಎಂಟು ಮಗ್ಗದ ಧಣಿ. ಬಾಗಿಲ ಹತ್ತಿರ ಜಮಖಂಡಿಯಿಂದ ಬಂದ ಮಂಗಲಾಳ ಅಣ್ಣ ಕೈಕಟ್ಟಿ ಕೂತಿದ್ದ. ಕಂಬಕ್ಕೆ ಒರಗಿ ಭಾಗವ್ವ, ತೊಡೆಯ ಮೇಲೆ ರೇಷ್ಮಾ. ಅಡಿಗೆಮನೆಯ ಬಾಗಿಲ ಹಿಂದೆ ಮಂಗಲಾಳ ಸೀರೆಯ ಅಂಚು ಕಾಣುತ್ತಿತ್ತು. ಬಹಳ ಹೊತ್ತು ಮಳೆ, ನೂಲು, ಕರೆಂಟಿನ ಮಾತಾದ ಮೇಲೆ ಚನಮಲ್ಲಪ್ಪ ಗಂಟಲು ಸರಿಮಾಡಿಕೊಂಡು, "ಆದದ್ದು ಆತು. ಹುಡುಗಿ ಇನ್ನೂ ಸಣ್ಣಾಕಿ, ತವರಿಗೆ ಹೋಗಲಿ, ನಾಳೆ ಉಡಿಕಿ ಮಾಡಿ ಇನ್ನೊಬ್ಬಗ ಕೊಡ್ತಾರೋ ಏನೋ, ಅದು ಅವರಿಗೆ ಬಿಟ್ಟದ್ದು. ಕೂಸು ಈ ಮನಿದು. ಅಳಿಯಾರು ಏನಂತೀರಿ?" ಅಂದ. ಎಲ್ಲರೂ ಕಾಶಪ್ಪನ ಕಡೆ ತಿರುಗಿದರು. ಶೇವಂತಿ ತಾಯಿಯ ಮಗ್ಗುಲಿಂದ ಕಣ್ಣಲ್ಲೇ ತಿವಿದಳು.

"ತಪ್ಪು ನಂದೈತ್ರಿ," ಅಂದ ಕಾಶಪ್ಪ.

 ಹೇಳಿಬಿಟ್ಟೆನಲ್ಲ ಎಂದು ಅವನ ಮೈಯೆಲ್ಲ ಹಗುರಾಯಿತು. ಆದರೆ ಯಾವ ತಪ್ಪು, ಹೇಗೆ, ಎಂದು ಚನಮಲ್ಲಪ್ಪ ಕೇಳಿದ, ಕೇಳುವುದು ನ್ಯಾಯವೇ. "ರಾಹುಲ ಜೀವಾ ಬ್ಯಾಸರಾಗಿ ಕೈ ಬಿಡಲಿಲ್ರಿ. ಬದುಕಬೇಕಂತ ಬಿಟ್ಟ. ನಾ ಪಿಚ್ಚರದಾಗ ಒಂದು ಸುಳ್ಳು ಮಾತು ಹೇಳಿದ್ದೆ, ಅದನ್ನ ನಂಬಿ ಬಿಟ್ಟ." "ಯಾವ ಪಿಚ್ಚರ್?" "ಆ ಹಡಗಿಂದ್ರಿ. ಕಪ್ತಾನ ತೂತು ಕೊರಿತಾನಲ್ರಿ." "ಅದಾ? ಬಿಳಿ ಹಡಗು?" ಚನಮಲ್ಲಪ್ಪ ಗೋಡೆಗೊರಗಿದವನು ಮುಂದೆ ಬಂದ. "ನಾನೂ ನೋಡೀನಿ ಅದನ್ನ. ಏನಿತ್ತು ಅದರಾಗ?"

ಎಲ್ಲಿಂದ ಶುರು ಮಾಡಬೇಕು? ಹೆಂಡತಿ ಅಂಚು ಹಿಡಿದದ್ದನ್ನು ಹೇಳಬೇಕಾದರೆ ಹಡಗು ಬೋರಲು ಬಿದ್ದದ್ದು ಹೇಳಬೇಕು. ಬೋರಲು ಬಿದ್ದದ್ದು ಹೇಳಬೇಕಾದರೆ ಕಪ್ತಾನನನ್ನು ತರಬೇಕು. ಮೊದಲ ಎರಡು ಮಾತು ಅವನು ತನ್ನ ದನಿಯಲ್ಲೇ ಆಡಿದ, ತೊದಲುತ್ತ. ಮೂರನೆಯದಕ್ಕೆ ಸ್ಟೂಲಿನ ಮೇಲಿನ ದನಿ ಬಂತು, ಕರೆಯದೆ ಬಂತು. ಕೈ ತಾನೇ ಮೇಲೆದ್ದಿತು. ಸಮುದ್ರ ಪಡಸಾಲೆಗೆ ಬಂತು. ಕಪ್ತಾನ ಹೆಜ್ಜೆ ಸಪ್ಪಳವಾಗದಂತೆ ಕೆಳಗಿಳಿದ, ಕೊರೆದ, ನೀರು ಒಳಗೆ ನುಗ್ಗಿತು. ಬೀಡಿ ಹಚ್ಚಿದವನೊಬ್ಬ ಸೇದುವುದನ್ನು ಮರೆತ. ಮಂಗಲಾಳ ಅಣ್ಣ ಕಟ್ಟಿದ ಕೈ ಬಿಟ್ಟು ನೆಟ್ಟಗೆ ಕೂತ. ನಿಲ್ಲಿಸು, ನಿಲ್ಲಿಸು ಎಂದು ಒಳಗೆ ಯಾರೋ ಬಡಿದುಕೊಳ್ಳುತ್ತಿದ್ದರು. ಹಾಲು ಮುಚ್ಚಿ ಮೂರು ವರ್ಷದ ಮೇಲೆ ಮಂದಿ ಮತ್ತೆ ಅವನ ಬಾಯಿ ನೋಡುತ್ತಿದ್ದರು, ಬೆಲ್ಲದ ದರ ಕೇಳಲಿಕ್ಕಲ್ಲ. ತಾನು ಚೆನ್ನಾಗಿ ಹೇಳುತ್ತಿದ್ದೇನೆ ಎಂದು ಅವನಿಗೆ ತಿಳಿಯಿತು, ತಿಳಿದು ಸುಖವಾಯಿತು. "ಕೈ ಬಿಡು. ಮುಳುಗೂ ಹಡಗು ತನ್ನ ಕೂಡ ನಿನ್ನೂ ಎಳಕೊಂಡು ಹೋಗತೈತಿ. ದೂರ ಈಜು, ದೂರ," ಅಂದಾಗ ಮೂಲೆಯಲ್ಲಿದ್ದವನೊಬ್ಬ, "ಹೌದ ಹೌದು, ಇದ ಮಾತು," ಎಂದು ತೊಡೆ ತಟ್ಟಿದ.

"ಈ ಮಾತ ಕೇಳಿ ಬಿಟ್ಟಾನ್ರಿ ಅವ," ಅಂದ ಕಾಶಪ್ಪ. ಬೆವರು ಇಳಿಯುತ್ತಿತ್ತು.

ಮೊದಲು ಮಾತಾಡಿದವಳು ಭಾಗವ್ವ. ಅಳಲಿಲ್ಲ, ಸಿಟ್ಟಾಗಲಿಲ್ಲ. "ನನ್ನ ಮಗ ಶಾಣ್ಯಾ ಇದ್ದ. ಟಿ.ವಿ. ನೋಡಿ ಸಾಯೂವಷ್ಟು ಹುಚ್ಚ ಇರಲಿಲ್ಲ. ನಮ್ಮ ಅಳಿಯಾರ ಮನಸು ದೊಡ್ಡದು. ಒಂದು ಹೆಣ್ಣಿನ ಮ್ಯಾಲ ಅಪವಾದ ಬರಬಾರದಂತ ತಮ್ಮ ತಲಿ ಮ್ಯಾಲ ಹಾಕೋಳಾಕತ್ತಾರ." ಚನಮಲ್ಲಪ್ಪ ತಲೆ ಅಲ್ಲಾಡಿಸಿದ. "ಖರೆ. ಹಿಂಗ ಹೇಳಾಕ ಎದಿ ಬೇಕು. ಆದ್ರ ಅಳಿಯಾರ, ನೀರಾಗ ಬಿದ್ದಾಂವ ಏನು ನೆನಸಿದ ಅಂತ ನಿಮಗ ಹೆಂಗ ಗೊತ್ತು? ಯಾರರ ಹೇಳಿದ್ರೇನು?"

ಗಂಗಾರಾಮ ನನಗೆ ಹೇಳಿದ. ಅವನ ಬಾಯನ್ನು ನಾನೇ ಮುಚ್ಚಿಸಿದೆ. ಆ ಮಾತು ಸುಳ್ಳೆಂದು ಮಾಸ್ತರ ನನಗೆ ಮೊದಲೇ ಹೇಳಿದ್ದ, ಸೀಟಿಯ ಆಸೆಗೆ ನಾನು ಬಿಡಲಿಲ್ಲ. ಈ ಮಾತುಗಳು ನಾಲಿಗೆಯ ಮೇಲೆ ಸಾಲಾಗಿ ನಿಂತಿದ್ದವು. ಇವನ್ನು ಹೇಳಿದರೆ ನಂಬುತ್ತಿದ್ದರು. ನಂಬಿದರೆ ದೊಡ್ಡ ಮನಸ್ಸಿನ ಅಳಿಯ ಅಲ್ಲಿಗೇ ತೀರಿಹೋಗುತ್ತಿದ್ದ. ಶೇವಂತಿ ಅವನನ್ನು ನೋಡುತ್ತಿದ್ದಳು. ಅವಳ ಕಣ್ಣಲ್ಲಿ ಸಿಟ್ಟಿನ ಜೊತೆಗೆ ಒಂದಿಷ್ಟು ಹೆಮ್ಮೆಯೂ ಇದ್ದಂತೆ ಕಂಡಿತು. "ಯಾರೂ ಹೇಳಿಲ್ರಿ," ಅಂದ ಕಾಶಪ್ಪ. "ನನಗ ಹಂಗ ಅನಿಸ್ತು."

"ಅನಸೂದು ಸಹಜ," ಅಂದ ಚನಮಲ್ಲಪ್ಪ. ಮಾತು ಮುಗಿದಿತ್ತು. ಕೂಸು ಈ ಮನೆಯದು ಎಂದು ಇನ್ನೊಮ್ಮೆ ಹೇಳುವ ಅಗತ್ಯವೂ ಬೀಳಲಿಲ್ಲ. ಮಂಗಲಾಳ ಅಣ್ಣ ನೆಲ ನೋಡುತ್ತ ಗೋಣು ಹಾಕಿದ. ಶೇವಂತಿ ಎದ್ದು ಚಹಾ ತಂದಳು. ಬಸಿಯಲ್ಲಿ ಚಹಾ ಸುರುವಿಕೊಂಡು ಊದುತ್ತ ಚನಮಲ್ಲಪ್ಪ, "ಅಲ್ಲ, ಆ ಪಿಚ್ಚರ್ ಅರ್ಧಾ ನೋಡಿದಾಗ ನನಗ ಮಗ್ಗದ ಕಡಿಂದ ಕರಿ ಬಂದಿತ್ತು. ಆ ಹೆಣ್ಣಮಗಳದು ಮುಂದೇನಾತು?" ಅಂದ.

ಉಳಿದವರೂ ತಲೆ ಎತ್ತಿದರು. ಪಿಚ್ಚರಿನಲ್ಲಿ ಮುಂದೆ ಒಳ್ಳೆಯದೇನೂ ಆಗುವುದಿಲ್ಲ. ಅವಳು ಕಪ್ತಾನನ ದೋಣಿ ಹತ್ತುತ್ತಾಳೆ, ಅವನನ್ನು ಕೊಲ್ಲುತ್ತಾಳೆ, ಬೆಳಗಾಗುತ್ತದೆ. ಎಣ್ಣೆ ತೀರಿದ ದೋಣಿ, ಸುತ್ತ ನೀರು, ಎಲ್ಲಿಯೂ ದಂಡೆಯಿಲ್ಲ. ಅಲ್ಲಿಗೆ ಅಕ್ಷರಗಳು ಬರುತ್ತವೆ. ಕಾಶಪ್ಪ ಚಹಾದ ಕಪ್ಪನ್ನು ಕೆಳಗಿಟ್ಟ.

"ದಂಡಿ ಮುಟ್ಟಿದಳ್ರಿ," ಅಂದ. "ಮೂರು ದಿನಾ ನೀರು ಬಡದು ಬಡದು ಮುಟ್ಟಿದಳು. ಅಲ್ಲೆ ಆಕೀ ಮಗಳು ನಿಂತಿದ್ಲು. ಎತಗೊಂಡಳು. ಪಿಚ್ಚರ್ ಆತು."

"ಛಲೋ ಆತು," ಎಂದು ಯಾರೋ ಉಸಿರು ಬಿಟ್ಟರು. ಅಜ್ಜಿಯ ತೊಡೆಯ ಮೇಲೆ ರೇಷ್ಮಾ ಬಾಯಿ ತೆರೆದುಕೊಂಡು ಅವನನ್ನೇ ನೋಡುತ್ತಿತ್ತು. ಜಮಖಂಡಿ ಬಸ್ಸು ನಾಲ್ಕಕ್ಕೆ ಎಂದು ಮಂಗಲಾಳ ಅಣ್ಣ ಎದ್ದ. ಅಡಿಗೆಮನೆಯ ಬಾಗಿಲಿಂದ ಮಂಗಲಾ ಹೊರಗೆ ಬಂದಳು. ಎರಡೂ ಕೈಯಲ್ಲಿ ಚೀಲಗಳಿದ್ದವು, ಒಂದು ದೊಡ್ಡದು, ಒಂದು ಸಣ್ಣದು. ಸಣ್ಣದರ ಬಾಯಿಂದ ಕೂಸಿನ ಹಳದಿ ಫ್ರಾಕಿನ ತೋಳು ಇಣುಕಿತ್ತು. ಅವಳು ಕಾಶಪ್ಪನ ಮುಂದೆ ಹಾಯುವಾಗ ನಿಂತು, "ನನ್ನ ಸಲುವಾಗಿ ಇಷ್ಟೆಲ್ಲಾ ಕಥಿ ಕಟ್ಟಿದ್ರಿ, ಅಣ್ಣಾರ. ಸತ್ರೂ ಮರಿಯೂದಿಲ್ಲ," ಅಂದಳು. ನಿಜವಾಗಿಯೇ ಅಂದಳು, ಅದರಲ್ಲಿ ಕೊಂಕು ಇರಲಿಲ್ಲ. ಆಮೇಲೆ ಬಗ್ಗಿ ಅವನ ಕಾಲು ಮುಟ್ಟಿದಳು. ಸಣ್ಣ ಚೀಲವನ್ನು ಕಂಬದ ಹತ್ತಿರ ಇಟ್ಟು, ದೊಡ್ಡದನ್ನು ಹೆಗಲಿಗೆ ಹಾಕಿಕೊಂಡು ಅಣ್ಣನ ಹಿಂದೆ ಹೊರಟಳು.